ಗುಡ್ಡದ ಗುಡಿಗೆ ಬಯೋಡೇಟಾ

ನಗಲು ಮನಸ್ಸಿಲ್ಲದ ದಿನಗಳಲ್ಲೇ ನನಗೆ ನಗುವ ಪ್ರಸಂಗಗಳು ಎದುರಾಗುವುದು. ದೋಹಾದ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿ ದುಡಿದ ಮೇಲೆ ಮ್ಯಾನೇಜರ್ ಒಂದೇ ಮಾತಿನಲ್ಲಿ "ಖಲಾಸ್" ಅಂದರು. ಬೇಗ ಬೇರೆ ಕೆಲಸ ಸಿಗದಿದ್ದರೆ ಊರಿಗೆ ಗಂಟುಮೂಟೆ.

"ಇಷ್ಟು ವರ್ಷ ಪ್ರತಿ ರಜೆಗೂ ಉಡುಪಿಯೇ ಆಯಿತು. ಆ ಕ್ಯಾಲೆಂಡರಿನ ಊರನ್ನು ಒಮ್ಮೆ ನೋಡಿ ಬರುವ" ಅಂದಳು ಹೆಂಡತಿ. ದೋಹಾದ ಮದೀನತ್ ಖಲೀಫಾ ಬಡಾವಣೆಯ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿದ್ದದ್ದು ಬ್ಯಾಂಕಾಕಿನ ಹಳೇ ಪೇಟೆ. ಕೆಳಗೆ ಕಾಲುವೆ, ಗುಡ್ಡದ ತುದಿಯಲ್ಲಿ ಬುದ್ಧನ ಗುಡಿ. ನನಗೆ ತಿರುಗಾಡುವ ಮನಸ್ಸಿರಲಿಲ್ಲ. ಆದರೂ ಹೂಂ ಅಂದೆ.

೧. ಪೆಟ್ಟಿಗೆ

ಹೊರಡುವ ಹಿಂದಿನ ದಿನ ಪೆಟ್ಟಿಗೆ ಎತ್ತಿದರೆ ಏಳಲಿಲ್ಲ. ಒಳಗೆ ಹಾಲಿನ ಪುಡಿ ಡಬ್ಬಿ, ಸೋಪು, ಖರ್ಜೂರ, ಕಂಬಳಿ.

"ಅಲ್ಲಿ ನಮಗೆ ಯಾರಿದ್ದಾರೆ ಮಾರಾಯ್ತಿ?"

"ವಿಮಾನ ಹತ್ತುವಾಗ ಖಾಲಿ ಕೈಯಲ್ಲಿ ಹೋಗುವುದುಂಟಾ?" ಅಂದಳು. ಸ್ವಲ್ಪ ಯೋಚಿಸಿ ಕಂಬಳಿ ತೆಗೆದಳು. ಆ ಜಾಗಕ್ಕೆ ನನ್ನ ಬಯೋಡೇಟಾದ ಇಪ್ಪತ್ತು ಪ್ರತಿ ತುರುಕಿದಳು. ದೋಹಾದಲ್ಲಿ ವಾರದ ರಜೆಯಾದ ಶುಕ್ರವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಅದನ್ನು ಹಂಚಿ ಹಂಚಿ ಅವಳ ಕೈ ಪಳಗಿತ್ತು.

೨. ಕಾಲುವೆ

ಅಲ್ಲಿನ ದೋಣಿ ನಮ್ಮೂರ ಸಿಟಿ ಬಸ್ಸಿನ ಹಾಗೆ, ಪೂರ್ತಿ ನಿಲ್ಲುವುದೇ ಇಲ್ಲ. ನಾನು ಹಾರಿ ಕೂತು, ಮಂಡಿನೋವಿನ ಹೆಂಡತಿಗೆ ಬೇಗ ಬಾ ಅನ್ನಲು ದೋಹಾದ ಅಭ್ಯಾಸದಲ್ಲಿ ಅರಬಿಯಲ್ಲೇ "ಯಲ್ಲಾ, ಯಲ್ಲಾ!" ಎಂದು ಕೂಗಿದೆ. ಅವಳ ಹಿಂದೆ ಪ್ರವಾಸಕ್ಕೆ ಬಂದಿದ್ದ ಅರಬರ ಒಂದು ದೊಡ್ಡ ಸಂಸಾರವೇ ನಿಂತಿತ್ತು. ತಮ್ಮನ್ನೇ ಕರೆದರೆಂದು ಅಷ್ಟೂ ಜನ ಹತ್ತಿ ಕೂತರು. ದೋಣಿ ಹೊರಟಿತು, ಅವಳು ದಡದಲ್ಲೇ.

ಮುಂದಿನ ಕಟ್ಟೆಯಲ್ಲಿ ಇಳಿದು ಓಡಿ ಬಂದೆ. "ಆಫೀಸಿನವರು ನಿಮಗೆ ಖಲಾಸ್ ಅಂದದ್ದಕ್ಕೆ ನೀವು ನನಗೆ ಅಂದದ್ದಾ?" ಅಂದಳು.

೩. ಗುಡ್ಡ

ಮುನ್ನೂರಕ್ಕೂ ಮಿಕ್ಕಿ ಮೆಟ್ಟಿಲು. ಅವಳು ಮಂಡಿ ಹಿಡಿದುಕೊಂಡೇ ಹತ್ತಿದಳು. ಮೇಲೆ ನಾನೊಂದು ಮೂಲೆ ಹಿಡಿದು, ಕೆಳಗಿನ ಹಂಚಿನ ಮಾಡುಗಳನ್ನು ನೋಡುತ್ತಾ ಕೂತೆ. ಈ ವಯಸ್ಸಿಗೆ ನನಗೆ ಯಾರು ಕೆಲಸ ಕೊಡುತ್ತಾರೆ? ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಅವಳು ಗುಡಿಯ ಬಾಗಿಲಿನ ಕಡೆಯಿಂದ ಏದುಸಿರು ಬಿಡುತ್ತಾ ಬಂದಳು, ಕೈಯಲ್ಲಿ ಮುದುರಿದ ಬಯೋಡೇಟಾ.

"ಬೌದ್ಧ ಸನ್ಯಾಸಿಯ ಮುಂದೆ ಹಾಲಿನ ಪುಡಿ ಇಟ್ಟೆ. ಜೊತೆಗೆ ಇದನ್ನೂ ಇಟ್ಟು, ನಿಮ್ಮನ್ನು ತೋರಿಸಿ, ಕೆಲಸ ಬೇಕು ಅಂತ ಕೈಸನ್ನೆ ಮಾಡಿದೆ. ಅವರು ಓದಿದರು. ನಿಮ್ಮ ಬೋಳುತಲೆ ನೋಡಿದರು. ನಗುತ್ತಾ ಪಕ್ಕದ ಖಾಲಿ ಚಾಪೆ ತೋರಿಸಿದರು. ನಾನು ಕಿತ್ತುಕೊಂಡು ಬಂದೆ!"

"ಯಾಕೆ? ಅಂತೂ ಒಂದು ಕೆಲಸ ಸಿಕ್ಕಿತ್ತಲ್ಲ."

"ಎಂತ ಸಿಕ್ಕುವುದು ಮಾರಾಯ್ರೆ? ಆ ಕೆಲಸಕ್ಕೆ ಫ್ಯಾಮಿಲಿ ವೀಸಾ ಉಂಟಾ?"