ಗೆರೆ ದಾಟಿದ ಕೆಂಪು

ತೊಂದರೆ ಶುರುವಾದದ್ದು ಕೆಂಪು ಬಣ್ಣ ಸರಿಯಾಗಿ ಬಿದ್ದದ್ದರಿಂದ.

ಬೆಳಿಗ್ಗೆ ಒಂಬತ್ತಕ್ಕೆ ಮೆಷಿನ್ನಿನಿಂದ ಮೊದಲ ಹಾಳೆ ಹೊರಬಂತು. ಫೋರ್‌ಮನ್ ಅದನ್ನು ಎತ್ತಿ, ಕಣ್ಣಿಗೆ ಲೆನ್ಸ್ ಒತ್ತಿಕೊಂಡು, ತಲೆಯಲ್ಲಿ ಹೇನು ಹುಡುಕುವವರಂತೆ ಇಂಚಿಂಚೂ ನೋಡಿದರು. ಕಪ್ಪು ಗೆರೆಯೊಳಗೆ ಕೆಂಪು, ಕೆಂಪಿನ ಪಕ್ಕಕ್ಕೆ ಹಳದಿ, ಒಂದು ಎಳೆಯಷ್ಟೂ ಆಚೀಚೆ ಇಲ್ಲ.

"ಬಂಗಾರ! ಬಂಗಾರದಂಥ ಕೆಲಸ!" ಎಂದರು.

"ಬಂಗಾರ ಅಲ್ಲ, ಹೆಣ," ಎಂದ ಸಿಡುಕ.

ಸಿಡುಕ ಅವನ ಹೆಸರಲ್ಲ. ಆದರೆ ಪ್ರೆಸ್ಸಿಗೆ ಸೇರಿದ ಮೂರನೇ ದಿನ, ಮುಚ್ಚಳ ಬಿಚ್ಚಿಕೊಳ್ಳಲಿಲ್ಲವೆಂದು ಇಂಕಿನ ಡಬ್ಬಿಗೆ ಬೈದು, ಒದ್ದು, ಕಾಲು ಊದಿಸಿಕೊಂಡ ಮೇಲೆ ಬೇರೆ ಹೆಸರು ಯಾರ ಬಾಯಿಗೂ ಬರಲಿಲ್ಲ. ಬಣ್ಣ ನೋಡಿಕೊಳ್ಳುವ ಕೆಲಸಕ್ಕೆ ಅವನನ್ನು ತೆಗೆದುಕೊಂಡಿದ್ದರು. ಮೂರು ತಿಂಗಳು ನೋಡುವುದು, ಆಮೇಲೆ ಖಾಯಂ. ಆ ಮೂರು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಕಾಗದ ಮಾಲೀಕರ ಜೇಬಿನಲ್ಲಿತ್ತು; ಸಂಜೆಯೊಳಗೆ ಒಂದು ಸಹಿ ಬಿದ್ದರೆ ಆಯಿತು. "ಇವತ್ತೊಂದು ದಿನ ಬಾಯಿ ಮುಚ್ಕೊಂಡಿರೋ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಅಮ್ಮ ಬಾಗಿಲವರೆಗೂ ಬಂದು ಹೇಳಿ ಕಳಿಸಿದ್ದಳು.

ಅಚ್ಚಾಗುತ್ತಿದ್ದದ್ದು 'ಮೂಗುಮಾವ' ಎಂಬ ಚಿತ್ರಕತೆಯ ವಾರಪುಸ್ತಕದ ಮುಖಪುಟ. ಮೂಗುಮಾವ ಪತ್ತೇದಾರ. ಅವನಿಗೆ ಕಳ್ಳನೊಬ್ಬನನ್ನು ಬಿಟ್ಟು ಮಿಕ್ಕೆಲ್ಲ ಸಿಗುತ್ತದೆ. ಇದನ್ನು ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿಯೇ ಸಿಡುಕ ಏಳನೇ ತರಗತಿಯಿಂದ ಹೊರಬಿದ್ದದ್ದು. ಮೇಷ್ಟ್ರು ಕಿತ್ತುಕೊಂಡರು, ಇವನು ಮೇಷ್ಟ್ರ ಕೈಯಿಂದ ವಾಪಸ್ ಕಿತ್ತುಕೊಂಡ. ಶಾಲೆ ಹೋಯಿತು, ಪುಸ್ತಕ ಉಳಿಯಿತು. ಆ ವ್ಯಾಪಾರದಲ್ಲಿ ತಾನು ಸೋತೆನೆಂದು ಅವನಿಗೆ ಯಾವತ್ತೂ ಅನ್ನಿಸಿಲ್ಲ.

ಅದನ್ನು ಬರೆಯುವ ಚಿತ್ರಗಾರರ ಗೆರೆ ದಪ್ಪವಾಗಿ ಹುಟ್ಟಿ ಕೂದಲಾಗಿ ಮುಗಿಯುತ್ತದೆ. ಅವರು ಬರೆದ ಯಾರ ಎರಡು ಪಾದವೂ ಒಟ್ಟಿಗೆ ನೆಲ ಮುಟ್ಟುವುದಿಲ್ಲ. ನೆರಳು ಕಪ್ಪಲ್ಲ, ನೇರಳೆ. ಮಾವನಿಗೆ ಸಿಟ್ಟು ಬಂದರೆ ಆಕಾಶ ಹಸಿರು. ಮತ್ತೆ ಆ ಕೆಂಪು! ಅದು ಗೆರೆಯೊಳಗೆ ನಿಲ್ಲುವ ಜಾತಿಯದಲ್ಲ. ಎಡಕ್ಕೆ ಒಂದು ಎಳೆ ಹೊರಗೆ ಇಣುಕಿರುತ್ತದೆ. ಮಾವ ಬಾಗಿಲು ದಾಟುವ ಮುಂಚೆಯೇ ಅವನ ಮೂಗಿನ ಕೆಂಪು ಒಳಗೆ ಬಂದು ಕೂತಿರುತ್ತದೆ. ಪುಸ್ತಕ ಮೇಜಿನ ಮೇಲೆ ಮಲಗಿದ್ದರೂ ಒಳಗಿದ್ದವರೆಲ್ಲ ಓಡುತ್ತಲೇ ಇರುತ್ತಾರೆ. ಕೂತಲ್ಲಿ ಕೂರಲಾಗದ ಸಿಡುಕನಿಗೆ ಆ ಕೆಂಪನ್ನು ಕಂಡರೆ ಒಡಹುಟ್ಟಿದ ಅಣ್ಣನನ್ನು ಕಂಡಂತಾಗುತ್ತಿತ್ತು.

ಇವತ್ತು ಅದೇ ಕೆಂಪು, ಹೆಡ್‌ಮಾಸ್ಟರ ಕೋಣೆಯಲ್ಲಿ ಕೂರಿಸಿದಂತೆ, ಗೆರೆಯೊಳಗೆ ಕೈಕಟ್ಟಿ ಕೂತಿತ್ತು.

"ಅವರ ಸ್ಟೈಲೇ ಹೋಯ್ತಲ್ರೀ!" ಎಂದ.

"ಎಂಥ ಸ್ಟೈಲಪ್ಪ?" ಫೋರ್‌ಮನ್ ನಕ್ಕರು. "ಕೆಂಪಿನ ಸಿಲಿಂಡರಿನಲ್ಲಿ ಹಾಳೆ ಹಿಡಿಯೋ ಹಲ್ಲು ಸವೆದಿತ್ತು. ಹಾಳೆ ಜಾರ್ತಿತ್ತು, ಕೆಂಪು ಪಕ್ಕಕ್ಕೆ ಬೀಳ್ತಿತ್ತು. ನಿನ್ನೆ ಮೆಕ್ಯಾನಿಕ್ ಹೊಸ ಹಲ್ಲು ಹಾಕಿದ. ಅಷ್ಟೇ ವಿಷಯ."

"ನೇರಳೆ ನೆರಳು ಅವರ ತಲೆ, ಹಸಿರು ಆಕಾಶ ಅವರ ತಲೆ, ಇದೊಂದು ಮಾತ್ರ ನಿಮ್ಮ ಹಲ್ಲಾ?"

"ನನ್ನದಲ್ಲ, ಮೆಷಿನ್ನಿಂದು. ಬಾಯಿ ಮುಚ್ಚಿ ಹಾಳೆ ನೋಡು."

ಹಲ್ಲು ಹಾಕಿಸಿದ್ದಕ್ಕೂ ಕಾರಣವಿತ್ತು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಪ್ರೆಸ್ಸಿನ ಮೆಟ್ಟಿಲು ತುಳಿಯದ ಚಿತ್ರಗಾರರು, ಇವತ್ತು ನಾಲ್ಕು ಗಂಟೆಗೆ ಬಂದು ಮುಖಪುಟ ಅಚ್ಚಾಗುವುದನ್ನು ಕಣ್ಣಾರೆ ನೋಡುತ್ತೇನೆಂದು ಕಾಗದ ಬರೆದಿದ್ದರು. ಕೆಂಪಿನ ವಿಷಯಕ್ಕೆ ಜಗಳಕ್ಕೇ ಬರುತ್ತಿದ್ದಾರೆಂದು ಮಾಲೀಕರು ಹೆದರಿ ಮೆಕ್ಯಾನಿಕ್‌ನನ್ನು ಕರೆಸಿದ್ದರು.

ಸಿಡುಕ ಹಾಳೆ ಹಿಡಿದುಕೊಂಡು ಒಳಕೋಣೆಗೆ ಓಡಿದ. ಅಲ್ಲಿ ಪ್ರೂಫ್ ತಿದ್ದುವ ತಾತ ಟೀ ಕುಡಿಯುತ್ತಿದ್ದರು.

"ತಾತ, ಇದನ್ನೂ ಹೋದ ವಾರದ್ದನ್ನೂ ನೋಡಿ ಹೇಳಿ. ಯಾವುದು ಸರಿ?"

ತಾತ ಐದು ನಿಮಿಷ ನೋಡಿದರು. "ಎರಡರಲ್ಲೂ ಅಕ್ಷರ ಸರಿಯಾಗಿದೆ."

"ಚಿತ್ರ ನೋಡಿ ಅಂದೆ!"

"ಚಿತ್ರ ನನ್ನ ಕೆಲಸ ಅಲ್ಲಪ್ಪ."

ಪಕ್ಕದಲ್ಲೇ ಹಾಳೆ ಮಡಚುತ್ತಿದ್ದ ಬೈಂಡಿಂಗ್ ಅಕ್ಕ ಕತ್ತು ಚಾಚಿದಳು. "ಹೊಸದೇ ವಾಸಿ ಕಣೋ. ಹಳೇದನ್ನ ಮಡಚಿ ಮಡಚಿ ಮನೆಗೆ ಹೋದ್ರೆ ನನ್ನ ಗಂಡನಿಗೂ ಎರಡು ಮೂಗು ಕಾಣ್ತಿತ್ತು."

"ಕಾಣಲಿ ಬಿಡಕ್ಕ! ಒಂದು ಮೂಗಿನ ಗಂಡನಿಂದ ಏನು ಸುಖ ಸುರಿದಿದೆ ನಿಮಗೆ?"

ಅಕ್ಕ ಕೈಗೆ ಸಿಕ್ಕ ಸ್ಕೇಲ್ ಎಸೆದಳು. ಅದು ಸಿಡುಕನನ್ನು ಬಿಟ್ಟು ತಾತನ ಲೋಟಕ್ಕೆ ಬಿತ್ತು. ಟೀ ಹಾರಿ ಹಾಳೆಯ ಮೂಲೆಗೆ ಅಂಗೈಯಗಲ ಕಲೆಯಾಯಿತು.

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದರು. ಸಿಡುಕ ಮತ್ತು ಮೆಷಿನ್ ಇಬ್ಬರೇ ಉಳಿದರು. ಅಮ್ಮನ ಮಾತು ನೆನಪಾಯಿತು. ಬಾಯಿ ಮುಚ್ಚಿಕೊಂಡಿರು ಅಂದಿದ್ದಳೇ ಹೊರತು ಕೈಯ ವಿಷಯ ಎತ್ತಿರಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಕೆಂಪಿನ ಪ್ಲೇಟಿನ ಸ್ಕ್ರೂ ಸಡಿಲಿಸಿ ಎಡಕ್ಕೆ ಎಳೆದ.

ಮೊದಲ ಸಲ ಜಾಸ್ತಿಯಾಯಿತು. ಮಾವನ ಮೂಗು ಬಿಳಿಚಿಕೊಂಡು, ಪಕ್ಕದ ಪೊಲೀಸಿನವನ ಕೆನ್ನೆ ಕೆಂಪಾಗಿ, ಯಾರೋ ಆಗಷ್ಟೇ ಮುತ್ತು ಕೊಟ್ಟು ಓಡಿಹೋದಂತೆ ಕಂಡಿತು. ಎರಡನೇ ಸಲ ಬಲಕ್ಕೆ ಹೋಗಿ ಮಾವನ ಕಿವಿಯಲ್ಲಿ ರಕ್ತ ಸೋರಿತು. ಬೆವರು ಒರೆಸಿಕೊಂಡ ಬಟ್ಟೆಯಲ್ಲಿ ಇಂಕಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಮೂರನೇ ಸಲ ಹಾಳೆ ಎತ್ತಿ ನೋಡಿದ. ಒಂದು ಎಳೆ, ಸರಿಯಾಗಿ ಒಂದೇ ಎಳೆ. ಮಾವ ಓಡತೊಡಗಿದ್ದ.

ಸಿಡುಕ ಮೆಷಿನ್ನನ್ನು ಓಡಲು ಬಿಟ್ಟ.

ಫೋರ್‌ಮನ್ ಬಾಯಿ ಒರೆಸಿಕೊಳ್ಳುತ್ತಾ ಬಂದವರು ಗಕ್ಕನೆ ನಿಂತರು. "ನಿನ್ನ ಮೂಗು ಯಾಕೋ ಕೆಂಪಗಿದೆ?"

"ನೆಗಡಿ."

"ಹೌದಾ? ಕೊಡು, ಒಂದು ಹಾಳೆ ನೋಡೋಣ."

ಸಿಡುಕ ರಾಶಿಗೆ ಬೆನ್ನು ಅಡ್ಡ ಕೊಟ್ಟು ಬೆಳಗಿನ ಹಾಳೆಯನ್ನೇ ನೀಡಿದ. ಫೋರ್‌ಮನ್ ಮಾವನ ಮೂಗಿನ ಮೇಲೆ ಲೆನ್ಸ್ ಇಟ್ಟು, "ಬಂಗಾರ!" ಎಂದರು. ಅರ್ಧ ಗಂಟೆ ಬಿಟ್ಟು ಮತ್ತೆ ಬಂದರು. ಮತ್ತೆ ಅದೇ ಹಾಳೆ. "ಬಂಗಾರ!" ನಾಲ್ಕು ಸಲ ಬಂಗಾರವಾಯಿತು. ಸಿಡುಕನ ಬೆನ್ನ ಹಿಂದೆ ರಾಶಿ ಸೊಂಟದವರೆಗೆ ಬೆಳೆಯಿತು. ಐದನೇ ಸಲ ಫೋರ್‌ಮನ್ ಲೆನ್ಸ್ ಕೆಳಗಿಟ್ಟು ಬರಿಗಣ್ಣಲ್ಲಿ ನೋಡಿದರು.

"ಅಲ್ಲ ಕಣೋ, ಈ ಟೀ ಕಲೆ ಎಲ್ಲಾ ಹಾಳೇಲೂ ಅಚ್ಚಾಗ್ತಿದೆಯಾ?"

ಸಿಡುಕ ಹಾಳೆ ಕಸಿದುಕೊಳ್ಳುವಷ್ಟರಲ್ಲಿ ಫೋರ್‌ಮನ್ ಅವನನ್ನು ಪಕ್ಕಕ್ಕೆ ನೂಕಿ ರಾಶಿಯ ಮೇಲಿನ ಹಾಳೆ ಎಳೆದಿದ್ದರು. ಅವರ ಮುಖ ಹಸಿರು ಆಕಾಶವಾಯಿತು. ಸರಿಯಾಗಿ ಆಗಲೇ ಬಾಗಿಲಲ್ಲಿ ಮಾಲೀಕರು, ಅವರ ಹಿಂದೆ ಚಿತ್ರಗಾರರು.

ಸಣ್ಣ ಆಸಾಮಿ. ತಾವೇ ಬರೆದ ಮನುಷ್ಯನಂತೆ ಒಂದೇ ಕಾಲ ಮೇಲೆ ಭಾರ ಹಾಕಿ ನಿಂತು, ಫೋರ್‌ಮನ್ ಕೈಯಿಂದ ಹಾಳೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಈ ಕೆಂಪು ಯಾರ ಕೆಲಸ?"

"ಇವನದು ಸರ್!" ಮಾಲೀಕರು ಸಿಡುಕನ ಕಡೆ ಬೆರಳು ತೋರಿಸಿದರು. "ಇವತ್ತೇ ಮನೆಗೆ ಕಳಿಸ್ತೀನಿ. ನೀವು ಬೇಜಾರು ಮಾಡ್ಕೋಬೇಡಿ."

ಚಿತ್ರಗಾರರು ಸಿಡುಕನ ಇಂಕು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹನ್ನೆರಡು ವರ್ಷದಿಂದ ಈ ಕೈ ಹಿಡೀಬೇಕು ಅಂತಿದ್ದೆ. ಮೊದಲನೇ ಪುಸ್ತಕ ಬಂದಾಗ ಜಗಳ ಆಡೋಕೇ ಹೊರಟಿದ್ದೆ ರೀ. ಬಸ್ಸಲ್ಲಿ ಎದುರಿಗೆ ಕೂತ ಹೆಂಗಸು ಪುಸ್ತಕದ ಆ ಮೂಗು ನೋಡಿ ಬಿದ್ದು ಬಿದ್ದು ನಗ್ತಿದ್ಳು. ಅರ್ಧ ದಾರೀಲೇ ಇಳಿದು ವಾಪಸ್ ಹೋದೆ. ಅವತ್ತಿಂದ ಮಾವನ ಎಡಕ್ಕೆ ಒಂದಿಷ್ಟು ಜಾಗ ಬಿಟ್ಟೇ ಬರೀತೀನಿ, ನಿಮ್ಮ ಕೆಂಪು ಬಂದು ನಿಲ್ಲಲಿ ಅಂತ."

ಮಾಲೀಕರು ದೋಸೆಗಿಂತ ಬೇಗ ಮಗುಚಿಕೊಂಡರು. "ನಾನೂ ಅದನ್ನೇ ಹೇಳ್ತಿದ್ದೆ ಸರ್! ಇವನನ್ನ ಇವತ್ತೇ ಖಾಯಂ ಮಾಡ್ತಿದ್ದೀನಿ," ಎಂದು ಜೇಬಿನಿಂದ ಕಾಗದ ತೆಗೆದು, ಪೆನ್ನಿನ ಕ್ಯಾಪ್ ಬಿಚ್ಚಿದರು.

ಅಷ್ಟರಲ್ಲಿ ಫೋರ್‌ಮನ್ ಕೆಮ್ಮಿದರು. "ಸರ್, ಇವನು ಬಂದು ಬರೀ ಮೂರು ತಿಂಗಳು. ಹನ್ನೆರಡು ವರ್ಷದಿಂದ ಆ ಕೆಂಪನ್ನ... ಏನೋ ನನ್ನ ಕೈಲಾದಷ್ಟು, ನಾನೇ ನೋಡ್ಕೊಂಡು ಬಂದಿದ್ದೀನಿ."

ಚಿತ್ರಗಾರರ ಕೈ ಸಿಡುಕನ ಕೈ ಬಿಟ್ಟು ಫೋರ್‌ಮನ್ ಕೈಗೆ ಹೋಯಿತು.

ಸುಮ್ಮನಿರಬಹುದಿತ್ತು. ಪೆನ್ನು ಕಾಗದ ಮುಟ್ಟಲು ಒಂದು ಬೆರಳಷ್ಟೇ ಬಾಕಿ. ಸಿಡುಕ ಹಲ್ಲು ಕಚ್ಚಿದ. ಮುಷ್ಟಿ ಬಿಗಿದ. ಒಂದು, ಎರಡು, ಮೂರು ಎಣಿಸುವವರೆಗೂ ತಡೆದ. ಅವನ ಜನ್ಮದಲ್ಲೇ ಅದು ದಾಖಲೆ.

"ಸುಳ್ಳು!" ಸಿಡಿದ. "ಬೆಳಿಗ್ಗೆ ಇವರೇ ಅದನ್ನ ಸ್ಟೈಲಲ್ಲ, ಸವೆದ ಹಲ್ಲು ಅಂದ್ರು! ಹನ್ನೆರಡು ವರ್ಷ ಈ ಮನುಷ್ಯ ಕಡ್ಡಿ ಈ ಕಡೆಯಿಂದ ಆ ಕಡೆ ಇಟ್ಟಿಲ್ಲ ಸರ್, ಎಲ್ಲಾ ಮಾಡಿದ್ದು ಈ ಹಲ್ಲು!" ಗುಜರಿ ಡಬ್ಬಿಗೆ ಕೈಹಾಕಿ, ಸವೆದ ಕಬ್ಬಿಣದ ತುಂಡೊಂದನ್ನು ತೆಗೆದು ಮೇಜಿಗೆ ಕುಟ್ಟಿದ.

ಚಿತ್ರಗಾರರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದಕ್ಕೇ ಕೈಮುಗಿದರು. "ನೀವೇನಾ ಸ್ವಾಮಿ!"

ಫೋರ್‌ಮನ್ ಮುಖ ಕೆಳಗಾಯಿತು. ಸಿಡುಕನಿಗೆ ಬೆಳಗಿನಿಂದ ಮೊದಲ ಬಾರಿ ಎದೆ ಹಗುರವಾಯಿತು.

ಮಾಲೀಕರು ಮಾತ್ರ ಪೆನ್ನು ಹಿಡಿದು ಯೋಚಿಸುತ್ತಿದ್ದರು. "ಇದನ್ನ ಮತ್ತೆ ಹಾಕಿಬಿಟ್ಟರೆ, ಕೆಂಪು ತಾನಾಗೇ ಹೀಗೇ ಬೀಳುತ್ತಾ?"

"ಬೀಳುತ್ತೆ ಸರ್!" ಎಂದ ಸಿಡುಕ, ಎದೆಯುಬ್ಬಿಸಿ. "ಒಂದು ಎಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಯಾರೂ ಮುಟ್ಟೋದೇ ಬೇಡ!"

"ಯಾರೂ ಮುಟ್ಟೋದು ಬೇಡ," ಮಾಲೀಕರು ನಿಧಾನವಾಗಿ ಅಂದರು. "ಯಾರೂ ನೋಡ್ಕೊಳ್ಳೋದೂ ಬೇಡ." ಪೆನ್ನಿನ ಕ್ಯಾಪ್ ಟಕ್ಕೆಂದು ಮುಚ್ಚಿಕೊಂಡಿತು.

ಚಿತ್ರಗಾರರಿಗೆ ಪಾಪ ಅನ್ನಿಸಿತು. ಸಿಡುಕನಿಗೆ ತಮ್ಮ ಸಹಿ ಹಾಕಿ ಕೊಡೋಣವೆಂದು ರಾಶಿಯಿಂದ ಒಂದು ಹಾಳೆ ಎತ್ತಿದರು. "ಅದು ಮಾರೋ ಮಾಲು ಸರ್," ಎಂದು ಮಾಲೀಕರು ಅದನ್ನು ಇಸಿದುಕೊಂಡು, ಈಗ ರದ್ದಿಯಾದ ಬೆಳಗಿನ ಹಾಳೆಗಳಲ್ಲಿ ಒಂದನ್ನು ಎಳೆದು ಕೊಟ್ಟರು.

ಕೆಂಪು ಗೆರೆಯೊಳಗೇ ಕೂತಿದ್ದ ಆ ಹಾಳೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಸಿಡುಕ ಹೊರಬಿದ್ದ. ಗೇಟಿನ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಬೈಂಡಿಂಗ್ ಅಕ್ಕ ಬೆಳಗಿನ ಜಗಳ ಮರೆತು ಕೇಳಿದಳು:

"ಏನೋ, ಖಾಯಂ ಮಾಡಿದ್ರಾ?"

"ಮಾಡಿದ್ರು ಅಕ್ಕ," ಎಂದ ಸಿಡುಕ. "ಹಲ್ಲನ್ನ."