ಶಿರೂರಿನ ಹೊಲದಲ್ಲಿ ಕೂಗಿದ ಯಂತ್ರ

ಕೆಲವರಿಗೆ ವಯಸ್ಸು ಹೇಳಲು ಸಂಕೋಚ, ಕೆಲವರಿಗೆ ಸಂಬಳ. ನನಗೆ ನನ್ನ ಹವ್ಯಾಸ ಹೇಳಲು ಭಯ. ಬಾಗಲಕೋಟೆಯಲ್ಲಿ ಹೈಸ್ಕೂಲ್ ಮಾಸ್ತರನಾದ ನನ್ನ ಬಳಿ ನೆಲದೊಳಗಿನ ಲೋಹ ಪತ್ತೆ ಮಾಡುವ ಯಂತ್ರವೊಂದಿದೆ. ರಜೆಯ ದಿನ, ಹೊಲದವರನ್ನು ಕೇಳಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಅದನ್ನು ಆಡಿಸುತ್ತ ತಿರುಗುತ್ತೇನೆ. ಇಂಥ ಹವ್ಯಾಸಿಗಳು ನಾಲ್ಕಾರು ಮಂದಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಅಲ್ಲಿ ನಾವೆಲ್ಲ ಇತಿಹಾಸಪ್ರೇಮಿಗಳು, ತುಕ್ಕು ಹಿಡಿದ ಮೊಳೆಗೂ ಕೈಮುಗಿಯುವವರು, ಬಂಗಾರದ ಆಸೆಯೇ ಇಲ್ಲದವರು. ಗುಂಪಿನ ಹೊರಗೆ ಬಂದ ಕೂಡಲೇ ನಿಧಿಗಳ್ಳರು. ಬಾದಾಮಿಯ ಕಡೆಗಂತೂ ನಾನು ಯಂತ್ರ ಒಯ್ಯುವುದೇ ಇಲ್ಲ. ಅಲ್ಲಿ ನನ್ನ ಕೈಯಲ್ಲಿ ಛತ್ರಿಯೂ ಗುದ್ದಲಿಯಂತೆ ಕಂಡೀತು. ಒಮ್ಮೆ ಇಳಕಲ್ಲಿನ ಬಸ್ಸಿನಲ್ಲಿ ಕಂಡಕ್ಟರ್, "ಚೀಲದಾಗ ಏನೈತ್ರಿ?" ಎಂದಾಗ, "ಹುಲ್ಲು ಕತ್ತರಿಸೋ ಮಷಿನ್‌ರಿ" ಎಂದುಬಿಟ್ಟೆ. ತನ್ನ ಹಿತ್ತಲಿಗೆ ಯಾವಾಗ ಬರುತ್ತೀರೆಂದು ಆತ ದಾರಿಯುದ್ದಕ್ಕೂ ಕೇಳಿದ.

ಹೀಗಿರುವಾಗ ಶಿರೂರಿನ ರೈತ ಬಸಪ್ಪನವರ ಫೋನ್ ಬಂತು. "ಮಾಸ್ತರ, ನೀವು ನಿಧಿ ತಗಿಯೋ ಮಷಿನ್ ಇಟ್ಟೀರಂತಲ್ರಿ?"

ನಾನು ಮೊದಲು ಕೋಣೆಯ ಬಾಗಿಲು ಹಾಕಿಕೊಂಡೆ. "ನಿಧಿ ಅಲ್ರಿ, ಹವ್ಯಾಸರಿ."

"ಏನರ ಇರ್ಲಿ, ಬರ್ರಿ. ಸೊಸಿ ಕಳೆ ಕೀಳುವಾಗ ತಾಳಿ ಹರದು ಬಿದ್ದೈತಿ."

ಹೋದೆ. ಸೊಸೆ ಮಹಾದೇವಿ ಅತ್ತು ಕಣ್ಣು ಊದಿಸಿಕೊಂಡು ಈರುಳ್ಳಿ ಹೊಲದ ಬದುವಿನಲ್ಲಿ ಕೂತಿದ್ದಳು. ಅರ್ಧ ಊರೇ ನೆರೆದಿತ್ತು. ಸಿಗದಿದ್ದರೆ ಕೆಲಸಕ್ಕೆ ಬಾರದವನು, ಸಿಕ್ಕರೆ ಮಾಟಗಾರ. ಮುಚ್ಚುಮರೆ ಇಲ್ಲವೆಂದು ತೋರಿಸಲು ಹೆಡ್‌ಫೋನ್ ತೆಗೆದಿಟ್ಟು, ದನಿ ಎಲ್ಲರಿಗೂ ಕೇಳುವಂತೆ ಯಂತ್ರ ಆಡಿಸತೊಡಗಿದೆ. ಯಂತ್ರ ಕೂಗಿದಾಗಲೆಲ್ಲ ಜನ ಹಿಂದೆ ಸರಿಯುತ್ತಿದ್ದರು. ಸಿಕ್ಕದ್ದು ಮೊಳೆ, ಮುರಿದ ಕುಡಗೋಲು. ಒಬ್ಬ ಅಜ್ಜ, "ಮೊದಲ ಕಾಯಿ ಒಡೀಬೇಕಿತ್ತಲ್ರಿ?" ಎಂದರು. ಕೊನೆಗೆ ಒಂದು ಸಾಲಿನಲ್ಲಿ ಸಣ್ಣ, ತೆಳುವಾದ ದನಿ. ಬೆರಳಿನಿಂದ ಮಣ್ಣು ಸರಿಸಿದರೆ ತಾಳಿ! ಮಹಾದೇವಿ ಅದನ್ನು ಕಣ್ಣಿಗೊತ್ತಿಕೊಂಡು, "ಅಣ್ಣಾರ, ಜೀವ ಉಳಿಸಿದ್ರಿ" ಎಂದಳು.

ಅಲ್ಲಿಗೇ ಯಂತ್ರ ಆರಿಸಿದ್ದರೆ ಚೆನ್ನಾಗಿತ್ತು. ಬದುವಿನತ್ತ ಬರುವಾಗ ಅದು ಮತ್ತೆ ಕೂಗಿತು. ಈ ಸಲ ಆಳದಿಂದ, ಬಿಡದೆ. ಇಷ್ಟು ಹೊತ್ತು ಹಿಂದೆ ಸರಿಯುತ್ತಿದ್ದವರೆಲ್ಲ ಈಗ ಮುಂದೆ ಬಂದರು. ಬಂಗಾರದ ಕೊಪ್ಪರಿಗೆ, ಜಗಳ, ತಹಶೀಲ್ದಾರರು, ಪೊಲೀಸರು ಎಲ್ಲ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದರು. ಬಸಪ್ಪನವರು ಮಾತ್ರ, "ಈಗ ಬ್ಯಾಡ್ರಿ, ಉಳ್ಳಾಗಡ್ಡಿ ಸಾಲು ಕೆಡ್ತಾವ. ಕಿತ್ತ ಮ್ಯಾಲೆ ನೋಡೂಣು" ಎಂದರು.

"ನನಗೂ ಅಂಥಾ ಆಸೆ ಇಲ್ರಿ" ಎಂದೆ, ಎಲ್ಲರಿಗೂ ಕೇಳುವಂತೆ.

ಆಮೇಲೆ ನನಗೆ ಊಟ ರುಚಿಸಲಿಲ್ಲ. ಪಾಠದ ನಡುವೆ ಆ ದನಿ ಕೇಳಿಸುತ್ತಿತ್ತು. ಉಳ್ಳಾಗಡ್ಡಿ ಬೆಳೆಯ ಬಗ್ಗೆ ಮತ್ತೆ ಮತ್ತೆ ಫೋನ್ ಮಾಡಿ ನಾನು ತೋರಿದ ಕಾಳಜಿಯನ್ನು ಕೃಷಿ ಇಲಾಖೆಯೂ ತೋರಿರಲಾರದು. ಬಸಪ್ಪನವರೇ ಬೇಸತ್ತು, "ಮಾಸ್ತರ, ಅದು ಬೆಳೀಲಿಕ್ಕಾದ್ರೂ ಬಿಡ್ರಿ" ಎಂದರು. ಕಿತ್ತರೆಂಬ ಸುದ್ದಿ ಬಂದ ದಿನ ಚಪ್ಪಲಿ ಅದಲುಬದಲಾಗಿ ಹಾಕಿಕೊಂಡೇ ಬೈಕ್ ಹತ್ತಿದೆ.

ಅಗೆದಾಗ ಬಂದದ್ದು ಎತ್ತಿನ ಗಾಡಿಯ ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿ. ಬಸಪ್ಪನವರು ಮಗುವಿನಂತೆ ನಕ್ಕು, "ನಮ್ಮಪ್ಪನ ಗಾಡೀದು!" ಎಂದು ಅದರ ಮಣ್ಣನ್ನು ತಮ್ಮ ಟವೆಲ್ಲಿನಿಂದಲೇ ಒರೆಸಿದರು. ನಿಜವಾದ ಇತಿಹಾಸ ಅಲ್ಲಿ ಅವರ ಕೈಯಲ್ಲಿತ್ತು. ನಾನು ಮಾತ್ರ ಗುಂಡಿಯೊಳಗೆ ಇನ್ನೇನಾದರೂ ಇದೆಯೇ ಎಂದು ಬಗ್ಗಿ ನೋಡುತ್ತಿದ್ದೆ.

ಮನೆಗೆ ಬಂದಾಗ ಹೆಂಡತಿ, "ಏನ್ ಸಿಕ್ತ್ರಿ?" ಎಂದಳು.

"ಕಬ್ಬಿಣ" ಎಂದೆ. ಎಂಥ ದನಿಯಲ್ಲಿ ಹೇಳಿದೆನೋ, ಆಕೆ ಮುಂದೆ ಏನೂ ಕೇಳದೆ, ಸಾವಿನ ಮನೆಯವರಿಗೆ ಕೊಡುವಂತೆ ಚಹಾ ತಂದು ಮೆಲ್ಲಗೆ ನನ್ನ ಮುಂದಿಟ್ಟಳು.