ಮೀನು ಕೊಳ್ಳದ ಗಿರಾಕಿ

ನಮ್ಮ ಮೌಶಿಯಂಥ ಮೀನಿನ ಗಿರಾಕಿ ಗೋವಾದ ಇಡೀ ಮಡಗಾಂವ್ ಪೇಟೆಯಲ್ಲಿ ಇನ್ನೊಬ್ಬಳಿಲ್ಲ. ದಿನಾ ಬೆಳಿಗ್ಗೆ ಹೋಗುತ್ತಾಳೆ, ಬಂಗಡೆಯ ಕಿವಿರು ಎತ್ತಿಸಿ ನೋಡುತ್ತಾಳೆ, ಗಂಟಲು ಹರಿಯುವ ಹಾಗೆ ಚೌಕಾಸಿ ಮಾಡುತ್ತಾಳೆ. ಆದರೆ ಹುಟ್ಟಿದಾಗಿನಿಂದ ಆಕೆ ಮೀನು ತಿಂದವಳಲ್ಲ! ಧಾರವಾಡದ ಅಪ್ಪಟ ಸಸ್ಯಾಹಾರಿಗಳು ನಾವು. ಮೊಟ್ಟೆ ಹಾಕಿದ ಕೇಕನ್ನೂ ದೂರದಿಂದ ನೋಡುವವರು.

ಮತ್ತೆ ಮೀನು ಪೇಟೆಯಲ್ಲೇನು ಕೆಲಸ? ಕೊಂಕಣಿ ಕಲಿಯುವುದು. ಮೌಶಿ, ಎಂದರೆ ನನ್ನ ತಾಯಿಯ ತಂಗಿ, ಇಲ್ಲಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ನಿವೃತ್ತಿಯಾಗುವುದರೊಳಗೆ ಒಮ್ಮೆ ಅಧಿಕಾರಿಯ ಕುರ್ಚಿಯಲ್ಲಿ ಕೂಡಬೇಕೆಂಬುದು ಆಕೆಯ ಆಸೆ. ಕಚೇರಿಯ ನಿಯಮಗಳೆಲ್ಲ ಬಾಯಿಪಾಠ. ಆದರೆ ಅಧಿಕಾರಿ ಜನರ ಜೊತೆ ಕೊಂಕಣಿಯಲ್ಲಿ ಮಾತಾಡಬೇಕು, ಸಂದರ್ಶನವೂ ಕೊಂಕಣಿಯಲ್ಲೇ. ಇಷ್ಟು ವರ್ಷ ಹಿಂದಿ, ಮರಾಠಿಯಲ್ಲೇ ದಿನ ದೂಡಿದ್ದ ಮೌಶಿಗೆ ಸಂದರ್ಶನಕ್ಕೆ ಕೂಡಲು ಉಳಿದಿದ್ದ ಅವಕಾಶಗಳು ಎರಡೇ.

"ಉಳದವರಿಗೆ ನನ್ನ ಜೋಡಿ ಮಾತಾಡಾಕ ವ್ಯಾಳ್ಯಾ ಎಲ್ಲೈತಿ? ಮೀನಿನಾಕಿ ಆದ್ರ ಜಗಳಾ ಮುಗಿಯೂತನಕ ಬಿಡಂಗಿಲ್ಲ," ಎಂಬುದು ಆಕೆಯ ತರ್ಕ.

ವಾಸನೆ ತಾಳದೆ ಮೂಗಿಗೆ ಸೆರಗು ಒತ್ತಿಕೊಂಡೇ ಮಾತಾಡುತ್ತಿದ್ದಳು. ಹಾಗಾಗಿ ಕೊಂಕಣಿಗೆ ಬೇಕಾದ ಅನುನಾಸಿಕ ತಾನಾಗಿಯೇ ಬಂದುಬಿಟ್ಟಿತು! ಧಾರವಾಡದ 'ರೀ' ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಎಷ್ಟು ಎಂದು ಕೇಳಲು "ಕಿತ್ಲೆಂ ರೀ?", ದುಬಾರಿಯಾಯಿತು ಎನ್ನಲು "ಮ್ಹಾರಗ ರೀ!" ಆಕೆ ಹೋರಾಡಿ ಇಳಿಸಿದ ಬೆಲೆಗೆ ಹಿಂದೆ ನಿಂತವರು ಆರಾಮವಾಗಿ ಮೀನು ಕೊಂಡೊಯ್ಯುತ್ತಿದ್ದರು. ನಮ್ಮ ನೆರೆಮನೆಯವರಂತೂ ಆಕೆ ಹೊರಡುವುದನ್ನು ಕಾದು ಚೀಲ ಹಿಡಿದು ಹಿಂದೆಯೇ ಹೋಗುತ್ತಿದ್ದರು. ಮೀನಿನಾಕೆಗೆ ಹೇಗಾಗಿರಬೇಡ!

ನಾನಾಗ ಎಂ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಮೌಶಿಯ ಮನೆಯಲ್ಲಿದ್ದೆ. ಸ್ಫೂರ್ತಿ ತುಂಬುವ ಭಾಷಣಗಳೆಂದರೆ ನನಗೆ ಪ್ರಾಣ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಮೊಬೈಲಿನಲ್ಲಿ ಒಂದಾದ ಮೇಲೊಂದು ನೋಡುತ್ತಿದ್ದೆ.

"ಲಗೂ ಏಳೂದು ಹೆಂಗಂತ ಮಲಕೊಂಡ ನೋಡಾಕತ್ತಿಯಲ್ಲಪಾ," ಎಂದಳು ಮೌಶಿ, ಚಪ್ಪಲಿ ಮೆಟ್ಟುತ್ತ.

ದಿನಾ ಹೋಗುವ ಉತ್ಸಾಹ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಕೇಳಿದೆ. ಬರುವುದೇ ಇಲ್ಲವಂತೆ!

"ಹುಕಿ ಅಂದ್ರ ಅಳಿಯಾ ಇದ್ದಂಗ. ಬಂದ್ರ ಹೋಳಿಗಿ ಮಾಡೂಣು. ಆದ್ರ ಮನಿ ನಡಿಯೂದು ದಿನಾ ರೊಟ್ಟಿ ಬಡಿಯೂ ರೂಢಿ ಮ್ಯಾಲೆ."

ಹಸಿ ಮೀನು ಸಿಗದ ಮಳೆಗಾಲದಲ್ಲೂ ಆಕೆ ಕೊಡೆ ಹಿಡಿದು ಹೋಗಿ ಒಣಮೀನಿಗೆ ಜಗಳವಾಡಿ ಬಂದಳು. ಇಂಥವಳನ್ನು ಮೆಚ್ಚದೆ ಇರುವುದು ಹೇಗೆ? ನಾನು ಮೆಚ್ಚಿದೆ, ಹಾಸಿಗೆಯಿಂದಲೇ.

ಸಂದರ್ಶನದ ಬೆಳಿಗ್ಗೆ ಮೀನಿನಾಕೆ ತನ್ನ ಮುಡಿಯ ಅಬ್ಬಲಿ ಹೂ ಕಿತ್ತು ಮೌಶಿಗೆ ಮುಡಿಸಿ ಕಳಿಸಿದಳಂತೆ. ಒಳಗೆ ಸಂದರ್ಶಕರು, ಸಿಟ್ಟಿಗೆದ್ದ ಗಿರಾಕಿಗೆ ಹೊಸ ಪಾಲಿಸಿಯ ಬಗ್ಗೆ ಹೇಗೆ ತಿಳಿಸಿ ಹೇಳುತ್ತೀರಿ, ಹೇಳಿ ನೋಡೋಣ ಎಂದರು. ಮೌಶಿಗೆ ಬರುತ್ತಿದ್ದುದು ಒಂದೇ ಕೊಂಕಣಿ. ಪಾಲಿಸಿ ತಾಜಾ ಇದೆ, ಇವತ್ತು ಬೆಳಿಗ್ಗೆಯೇ ಬಂದದ್ದು, ಅನುಮಾನವಿದ್ದರೆ ಕಿವಿರು ಎತ್ತಿ ನೋಡಿ ಎಂದುಬಿಟ್ಟಳು! ನನ್ನ ಡೈರಿಯಲ್ಲಿ ಹೀಗೇ ಇದೆ. ಇದರಲ್ಲಿ ಆಕೆ ಹೇಳಿದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂದು ಈಗ ಆಣೆ ಮಾಡಿ ಹೇಳಲಾರೆ. ಕೆಲಸ ಆಗಲಿಲ್ಲ ಎಂಬುದು ಮಾತ್ರ ಖರೆ.

ಮಾರನೆಯ ದಿನ ಮೌಶಿ ಪೇಟೆಗೆ ಹೋಗಲಿಲ್ಲ. ಆ ವಾರವಿಡೀ ಹೋಗಲಿಲ್ಲ. ಕಚೇರಿಯಿಂದ ಬಂದವಳೇ ಮಲಗಿಬಿಡುತ್ತಿದ್ದಳು. ಇನ್ನೊಂದು ಅವಕಾಶವಿದೆಯಲ್ಲ, ಅಳಿಯ ಬರದಿದ್ದರೇನು, ರೊಟ್ಟಿ ಬಡಿಯಬೇಕಲ್ಲ ಎಂದು ಆಕೆಯ ಪಾಠವನ್ನೇ ಆಕೆಗೆ ಒಪ್ಪಿಸಿದೆ.

"ಸಾಕಾತೋ. ರೂಢಿಗೂ ಕಾಲ ನೋಯ್ತಾವ," ಎಂದು ಗೋಡೆಯ ಕಡೆ ತಿರುಗಿದಳು.

ನಾನು ಮೊಬೈಲಿನಲ್ಲಿ ಓಡುತ್ತಿದ್ದ ಭಾಷಣವನ್ನು ಅರ್ಧಕ್ಕೇ ನಿಲ್ಲಿಸಿದೆ.

ಭಾನುವಾರ ಮಧ್ಯಾಹ್ನ, ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ ಹೊತ್ತಿನಲ್ಲಿ, ಅಂಗಳದಿಂದ "ಬಾಯೇ" ಎಂಬ ಕೂಗು. ನೋಡಿದರೆ ಮೀನಿನಾಕೆ! ನೆರೆಮನೆಯವರು ಮನೆ ತೋರಿಸಿ ಮೆಲ್ಲಗೆ ಒಳಗೆ ಸರಿದರು. ಬುಟ್ಟಿ ಖಾಲಿ. ನಮ್ಮ ಮನೆಗೆ ವಾಸನೆ ಬಾರದಿರಲೆಂದು ತೊಳೆದು ತಂದಿದ್ದಳು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತೆಂದು ನನ್ನ ನೆನಪು. ನೆನಪಿನ ಮಾತು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಜಗಳವಿಲ್ಲದೆ ಮೀನು ಮಾರುವುದು ಒಂದು ಮಾರಾಟವೇ ಎಂದು ಆಕೆ ಮೌಶಿಯನ್ನು ಬೈದಳು. ಮೌಶಿ ಹೊಸಿಲಲ್ಲಿ ನಿಂತು, ಪಾಲಿಸಿಯನ್ನು ಮೀನು ಮಾಡಿ ಬಂದ ಕಥೆಯನ್ನು ತನ್ನ ಕೊಂಕಣಿಯಲ್ಲಿ ತಡವರಿಸುತ್ತ ಹೇಳಿಕೊಂಡಳು. ಮೀನಿನಾಕೆ ನಗಲಿಲ್ಲ. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಇವತ್ತು ಮೀನು ಇಲ್ಲ, ನಾನೇ ಗಿರಾಕಿ, ನಿನ್ನ ಪಾಲಿಸಿ ಮಾರು ನೋಡೋಣ ಎಂದಳು.

ಮೌಶಿ ಕಣ್ಣೊರೆಸಿಕೊಂಡು ಎದುರಿಗೆ ಕೂತಳು. ಈ ಸಲ ಸೆರಗು ಮೂಗಿನ ಹತ್ತಿರ ಹೋಗಲಿಲ್ಲ. ಮೀನಿನಾಕೆ ಹುಬ್ಬು ಗಂಟಿಕ್ಕಿ, ಸಿಟ್ಟಿನ ಗಿರಾಕಿಯ ದನಿಯಲ್ಲಿ ಕೇಳಿದಳು:

"ಕಿತ್ಲೆಂ ರೀ?"